ಬೇಸಿಗೆಗೆ ಒಂದು ಗಡುವು ಇರುತ್ತದೆ

(ಬಸವನಗುಡಿಯ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಲ್ಲಿ, ಭಾನುವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದೀರಿ. ಬಾಗಿಲ ಹತ್ತಿರ ಮಜ್ಜಿಗೆ ಇಟ್ಟಿದ್ದಾರೆ. ನಾನು ಮಾತಾಡುತ್ತಿರುವಾಗಲೇ ಎದ್ದು ಹೋಗಿ ಕುಡಿದು ಬನ್ನಿ, ನನಗೇನೂ ಬೇಜಾರಿಲ್ಲ.

ಈ ಬೇಸಿಗೆಯಲ್ಲಿ ಓದಿದ ಒಂದು ಹಗುರವಾದ ಪುಸ್ತಕದ ಬಗ್ಗೆ ಮಾತಾಡಿ ಅಂತ ಕೇಳಿದ್ದರು. ನಾನು ಓದಿದ್ದು ಒಂದು ಪ್ರೇಮ ಕಾದಂಬರಿ. ಅದು ನನಗೆ ತುಂಬಾ ನಿರಾಸೆ ಮಾಡಿತು. ಬೇರೆ ಯಾವುದಾದರೂ ಒಳ್ಳೆಯ ಪುಸ್ತಕ ಆರಿಸಿಕೊಂಡು ಹೊಗಳಿ ಹೋಗಬಹುದಿತ್ತು. ಆದರೆ ಮೂರು ವಾರವಾದರೂ ಈ ನಿರಾಸೆ ನನ್ನನ್ನು ಬಿಟ್ಟಿಲ್ಲ. ಅಡುಗೆ ಮಾಡುವಾಗಲೂ ಅದೇ ಯೋಚನೆ, ಇಲ್ಲಿ ಹೀಗೆ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ. ಕೆಟ್ಟ ಪುಸ್ತಕ ಯಾರನ್ನೂ ಇಷ್ಟು ಕಾಡುವುದಿಲ್ಲ. ಚೆನ್ನಾಗಿ ಆಗಬಹುದಾಗಿದ್ದ ಪುಸ್ತಕ ಕಾಡುತ್ತದೆ.

ಪುಸ್ತಕದ ಹೆಸರು ಹೇಳುವುದಿಲ್ಲ, ಬರೆದವರ ಹೆಸರೂ ಹೇಳುವುದಿಲ್ಲ. ಆಕೆ ಚಿಕ್ಕವಳು, ಇದು ಅವಳ ಎರಡನೇ ಕಾದಂಬರಿ. ಮೊದಲನೆಯದನ್ನು ನಾನು ಇಷ್ಟಪಟ್ಟಿದ್ದೆ. ಅದಕ್ಕೇ ಗಾಂಧಿ ಬಜಾರಿಗೆ ಹೋದಾಗ ಇದನ್ನು ಕಂಡ ಕೂಡಲೇ ಕೊಂಡುಕೊಂಡೆ. ರಕ್ಷಾಪುಟದಲ್ಲಿ ಸಮುದ್ರ, ಒಂದು ತೆಂಗಿನ ಮರ, ಮರಳಿನ ಮೇಲೆ ಎರಡು ಜೊತೆ ಚಪ್ಪಲಿ. ನೋಡಿದರೇ ಮನಸ್ಸಿಗೆ ತಂಪು.

ಕಥೆ ಹೇಳುವ ಮೊದಲು ನನ್ನ ಓದುವ ಕಣ್ಣು ಎಂಥದ್ದು ಅಂತ ನಿಮಗೆ ಗೊತ್ತಿರಬೇಕು. 1984ರಿಂದ 2009ರವರೆಗೆ ರಾಜಾಜಿನಗರದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ನಾನು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸಿದೆ. ಡೆಪಾಸಿಟ್ ಕಟ್ಟಬೇಕು, ಪುಸ್ತಕ ಒಯ್ದು ವಾರದೊಳಗೆ ತಂದುಕೊಡಬೇಕು. ಪುಸ್ತಕದ ಬೆಲೆಯಲ್ಲಿ ಹತ್ತನೇ ಒಂದು ಭಾಗ ಬಾಡಿಗೆ. ಒಂದು ಗೋಡೆ ತುಂಬಾ ಕನ್ನಡದ ‘ಸಾಮಾಜಿಕ ಕಾದಂಬರಿ’ಗಳು. ಮುಕ್ಕಾಲು ಪಾಲು ಹೆಂಗಸರು ಬರೆದದ್ದು, ಹೆಂಗಸರು ಓದುವುದು. ಎದುರಿನ ಶೆಲ್ಫಿನಲ್ಲಿ ಇಂಗ್ಲಿಷಿನ ಮಿಲ್ಸ್ ಅಂಡ್ ಬೂನ್ ಪ್ರೇಮ ಕಾದಂಬರಿಗಳು. ಕಾಲೇಜು ಹುಡುಗಿಯರು ಅವನ್ನು ‘ಎಂ ಅಂಡ್ ಬಿ’ ಅನ್ನುತ್ತಿದ್ದರು.

ಬೇಸಿಗೆಯೇ ನಮ್ಮ ಸೀಸನ್. ಏಪ್ರಿಲ್ 10ಕ್ಕೆ ಶಾಲೆಗಳ ರಿಸಲ್ಟ್. ಸಂಜೆಗೆ ಅಮ್ಮಂದಿರು, ಹೆಣ್ಣುಮಕ್ಕಳು ಬಾಗಿಲಲ್ಲಿ. ಊರಿಗೆ ಹೋಗುವವರು ಒಟ್ಟಿಗೇ ಆರು ಪುಸ್ತಕ ಕೇಳುವರು. ಓದಿದ್ದನ್ನೇ ಮತ್ತೆ ಒಯ್ಯಬಾರದು ಅಂತ ಒಬ್ಬೊಬ್ಬರದು ಒಂದೊಂದು ಗುರುತು. ಒಬ್ಬರು 25ನೇ ಪುಟದ ಸಂಖ್ಯೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕುವರು. ಇನ್ನೊಬ್ಬರು 50ನೇ ಪುಟದ ಮೂಲೆಯಲ್ಲಿ ಚಿಕ್ಕ ನಕ್ಷತ್ರ ಬರೆಯುವರು. ಹಳೆಯ ಪುಸ್ತಕವೊಂದನ್ನು ತೆರೆದರೆ ಇಡೀ ಬೀದಿಯ ಹೆಂಗಸರು ಅದರೊಳಗೆ ಕೂತಿರುತ್ತಿದ್ದರು.

ಅವರಲ್ಲಿ ಒಬ್ಬರನ್ನು ನಾನು ಮರೆತಿಲ್ಲ. ಅವರ ಅತ್ತೆ ಹಾಸಿಗೆ ಹಿಡಿದು ನಾಲ್ಕು ವರ್ಷ ಆಗಿತ್ತು. ಇವರಿಗೆ ಸಿಗುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ, ಅಷ್ಟೇ. “ಅಳೋದು ಬೇಡ ರೀ, ಹಗುರವಾದದ್ದು ಕೊಡಿ” ಅನ್ನುತ್ತಿದ್ದರು. ಒಂದು ಸಲ ಪುಸ್ತಕ ವಾಪಸ್ ತಂದು ಮೇಜಿನ ಮೇಲಿಟ್ಟು ಕೇಳಿದರು, “ಇದರಲ್ಲಿ ಆ ಹುಡುಗಿಗೆ ಒಬ್ಬ ತಮ್ಮ ಇದ್ದನಲ್ಲ, ಅರ್ಧಕ್ಕೆ ಎಲ್ಲಿ ಹೋದ?” ನಾನು ಆ ಪುಸ್ತಕ ಓದಿರಲಿಲ್ಲ. ಅವರು ಹೇಳಿದರು, “ಅವನಿಗೆ ಜ್ವರ ಬಂದಿತ್ತು. ವಾಸಿ ಆಯ್ತೋ ಇಲ್ವೋ ಅಂತ ಬರೆದೇ ಇಲ್ಲ. ನಂಗೆ ರಾತ್ರಿ ನಿದ್ದೆ ಬರಲಿಲ್ಲ.” ಹಗುರವಾದದ್ದು ಬೇಕು ಅಂದವರು ಅವರೇ. ಅವರು ಓದುತ್ತಿದ್ದದ್ದು ಹೀಗೆ.

ಈಗ ಕಾದಂಬರಿಗೆ ಬರುತ್ತೇನೆ. ನಾಯಕಿ ಇಳಾ, ಇಪ್ಪತ್ತೊಂಬತ್ತು ವರ್ಷ, ಮಹದೇವಪುರದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬರಬೇಕಾದ ಪ್ರಮೋಷನ್ ಇನ್ನೊಬ್ಬರಿಗೆ ಹೋಗುತ್ತದೆ. ಬೇಸರವಾಗಿ ಇಪ್ಪತ್ತು ದಿನ ರಜೆ ಹಾಕಿ, ಮೇ ತಿಂಗಳಲ್ಲಿ ಕುಮಟಾ ಹತ್ತಿರದ ಒಂದು ಹೋಮ್‌ಸ್ಟೇಗೆ ಹೋಗುತ್ತಾಳೆ. ಅಲ್ಲಿ ನಿಶಾಂತ್. ಬೆಂಗಳೂರಿನ ಕೆಲಸ ಬಿಟ್ಟು, ಅಜ್ಜನ ಮನೆಯನ್ನೇ ಹೋಮ್‌ಸ್ಟೇ ಮಾಡಿಕೊಂಡಿರುವವನು. ಅವನ ಜೊತೆ ಅಜ್ಜಿ. ಪಕ್ಕದಲ್ಲಿ ಟ್ರಾಲ್ ಬೋಟ್, ಅಂದರೆ ಬಲೆ ಎಳೆದು ಮೀನು ಹಿಡಿಯುವ ಯಂತ್ರದ ದೋಣಿ, ಇರುವ ಒಬ್ಬ ಗೆಳೆಯ. ಜಗಳ, ಸ್ನೇಹ, ಪ್ರೀತಿ, ಒಂದು ತಪ್ಪು ತಿಳಿವಳಿಕೆ, ಮತ್ತೆ ಒಂದಾಗುವುದು. 248 ಪುಟ.

ಕಥೆ ಇಷ್ಟೇನಾ ಅಂತ ಕೇಳಬೇಡಿ. ಇಷ್ಟು ಸಾಕು. ಇಬ್ಬರೂ ಕೊನೆಗೆ ಸೇರುತ್ತಾರೆ ಅಂತ ಮೊದಲೇ ಗೊತ್ತಾಗಿಬಿಡುತ್ತೆ ಅಂತ ಕೆಲವರು ಪ್ರೇಮ ಕಾದಂಬರಿಯನ್ನು ಕೀಳಾಗಿ ನೋಡುತ್ತಾರೆ. ಅಮೆರಿಕದಲ್ಲಿ 1980ರಲ್ಲಿ ಶುರುವಾದ ಪ್ರೇಮ ಕಾದಂಬರಿಕಾರರ ಸಂಘ ಈ ಪ್ರಕಾರಕ್ಕೆ ಎರಡೇ ಷರತ್ತು ಇಟ್ಟಿತು. ಕಥೆಯ ನಡುಮಧ್ಯೆ ಪ್ರೀತಿ ಇರಬೇಕು, ಮುಕ್ತಾಯ ಮನಸ್ಸಿಗೆ ತೃಪ್ತಿ ಕೊಟ್ಟು ಭರವಸೆ ಉಳಿಸಬೇಕು. ಅಂದರೆ ಕೊನೆ ಗೊತ್ತಿರುವುದು ಒಪ್ಪಂದದ ಭಾಗವೇ. ನಮಗೇನು ಇದು ಹೊಸದಾ? ಚಾಮರಾಜಪೇಟೆಯಲ್ಲಿ ರಾಮನವಮಿ ಸಂಗೀತ 1939ರಿಂದ ನಡೆದುಕೊಂಡು ಬಂದಿದೆ. ನೂರು ಸಲ ಕೇಳಿದ ಕೀರ್ತನೆಯನ್ನು ಮತ್ತೆ ಕೇಳೋಕೆ ಜನ ಪಾನಕ ಕುಡಿದು ಕುರ್ಚಿ ಹಿಡಿದು ಕೂರುತ್ತಾರೆ. ಈ ಸಾಲು ಹೀಗೆ ಮುಗಿಯುತ್ತೆ ಅಂತ ಗೊತ್ತಿದ್ದೇ ಕಾಯುತ್ತಾರೆ. ಅಲ್ಲಿಗೆ ಹೇಗೆ ತಲುಪುತ್ತಾರೆ ಅನ್ನೋದನ್ನು ನೋಡಬೇಕು, ಅದಕ್ಕೆ.

ಹಾಗಾದರೆ ನನ್ನ ನಿರಾಸೆ ಎಲ್ಲಿ? ಮೊದಲನೆಯದು ನಿಮಗೆ ಸಣ್ಣದು ಅನ್ನಿಸಬಹುದು. ಈ ಪುಸ್ತಕದಲ್ಲಿ ಬೇಸಿಗೆ ಇಲ್ಲ.

ಇಳಾ ಸಂಜೆ ಬೆಂಗಳೂರಿನಲ್ಲಿ ರೈಲು ಹತ್ತುತ್ತಾಳೆ. ಸಕಲೇಶಪುರ ದಾಟಿದ ಮೇಲೆ ಕಿಟಕಿಯಲ್ಲಿ ‘ಹಾಲಿನಂತೆ ಧುಮ್ಮಿಕ್ಕುವ ಜಲಪಾತಗಳು’ ಕಾಣುತ್ತವೆ. ಸಂಜೆ ಹತ್ತಿದ ರೈಲು ಘಾಟಿ ಇಳಿಯುವುದು ರಾತ್ರಿ ಹೊತ್ತು. ಅದೂ ಮೇ ತಿಂಗಳು. ಮಳೆಗಾಲದಲ್ಲಿ ಧುಮುಕುವ ಆ ಝರಿಗಳೆಲ್ಲ ಮೇನಲ್ಲಿ ಬರೀ ಕಪ್ಪು ಬಂಡೆ. ಇದನ್ನು ತಪ್ಪು ಹುಡುಕೋಕೆ ಅಂತ ಹೇಳುತ್ತಿಲ್ಲ. ಆ ಒಣ ಬಂಡೆಯನ್ನೇ ಬರೆದಿದ್ದರೆ ನಾನು ಅವಳ ಜೊತೆ ಆ ರೈಲಿನಲ್ಲಿ ಇರುತ್ತಿದ್ದೆ. ಹಾಲಿನಂಥ ಜಲಪಾತ ಬಂದ ತಕ್ಷಣ ನಾನು ಒಂದು ಕ್ಯಾಲೆಂಡರ್ ನೋಡುತ್ತಾ ನಮ್ಮ ಮನೆಯಲ್ಲೇ ಕೂತಿದ್ದೆ.

ಕುಮಟಾಕ್ಕೆ ಇಳಿದ ಮೇಲೂ ಅಷ್ಟೇ. ಮೇ ತಿಂಗಳ ಕರಾವಳಿ ಅಂದರೆ ಏನು? ಸೆಖೆ. ಸ್ನಾನ ಮಾಡಿ ಬಂದರೂ ಟವೆಲ್ ಇಡುವಷ್ಟರಲ್ಲಿ ಮತ್ತೆ ಬೆವರು. ಮಧ್ಯಾಹ್ನ ಎಲೆ ಅಲುಗಾಡುವುದಿಲ್ಲ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿರುತ್ತದೆ, ಕಾಗೆ ಓಡಿಸೋಕೆ ಒಬ್ಬರು ಕೂತಿರುತ್ತಾರೆ. ಮುರುಗಲು ಹಣ್ಣಿನ ಪಾನಕ. ಸಂಜೆ ದೂರದಲ್ಲಿ ಗುಡುಗು, ಮಳೆ ಮಾತ್ರ ಇಲ್ಲ. ಇಳಾ ಈ ಪುಸ್ತಕದಲ್ಲಿ ಒಂದು ಸಲವೂ ಬೆವರುವುದಿಲ್ಲ. ಮಟಮಟ ಮಧ್ಯಾಹ್ನ ಇಬ್ಬರೂ ಮರಳಿನ ಮೇಲೆ ಬರಿಗಾಲಲ್ಲಿ ಕೈ ಹಿಡಿದು ನಡೆಯುತ್ತಾರೆ. ಆ ಮರಳು ಹೇಗೆ ಸುಡುತ್ತೆ ಅಂತ ಕಾಲಿಟ್ಟವರಿಗೆ ಗೊತ್ತು. ಸುಡುವ ಮರಳಲ್ಲಿ ಇಬ್ಬರೂ ಕುಣಿಯುತ್ತಾ ಓಡಿ ನೀರಿಗೆ ಬಿದ್ದಿದ್ದರೆ ಅದಕ್ಕಿಂತ ಒಳ್ಳೆ ಪ್ರೇಮದ ದೃಶ್ಯ ಬೇಕಿತ್ತಾ?

ನಾನು ಈ ಪುಟಗಳನ್ನು ಓದಿದ್ದು ನಮ್ಮ ಬೆಂಗಳೂರಿನ ಬೇಸಿಗೆಯಲ್ಲಿ, ಕಿಟಕಿಗೆ ಒದ್ದೆ ಪಂಚೆ ಕಟ್ಟಿಕೊಂಡು. 2016ರ ಏಪ್ರಿಲ್ 24ರಂದು ಈ ಊರಲ್ಲಿ 39.2 ಡಿಗ್ರಿ ಆಗಿತ್ತು. ಫ್ಯಾನ್ ಇಲ್ಲದೆ ಮಲಗುತ್ತಿದ್ದ ಊರು ಇದು. ಬಿಸಿಲು ಏನು ಅಂತ ಈಗ ಬೆಂಗಳೂರಿನ ಓದುಗರಿಗೂ ಗೊತ್ತು. ಅವರಿಗೆ ಬಿಸಿಲಿಲ್ಲದ ಬೇಸಿಗೆ ಕೊಟ್ಟರೆ ನಂಬುವುದಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಇದನ್ನು ಹೇಳೋಕೇ ನಾನು ಇವತ್ತು ಬಂದದ್ದು.

ಬೇಸಿಗೆಯ ಪ್ರೇಮಕಥೆ ಬೇರೆ ಪ್ರೇಮಕಥೆಗಿಂತ ಯಾಕೆ ಬೇರೆ? ಬೇಸಿಗೆ ಮುಗಿಯುತ್ತದೆ. ಅಷ್ಟೇ ವಿಷಯ. ಚಿಕ್ಕವರಿದ್ದಾಗ ಅಜ್ಜಿ ಮನೆಗೆ ಹೋಗುತ್ತಿದ್ದೆವಲ್ಲ, ಮೊದಲ ವಾರ ದಿನ ಎಣಿಸುತ್ತಲೇ ಇರಲಿಲ್ಲ. ಮೇ ಮೂರನೇ ವಾರಕ್ಕೆ ಯಾರೋ ದೊಡ್ಡವರು “ಯಾವತ್ತು ಹೊರಡೋದು?” ಅಂದುಬಿಡುತ್ತಿದ್ದರು. ಆ ಕ್ಷಣದಿಂದ ತೋಟ, ಬಾವಿಕಟ್ಟೆ, ಪಕ್ಕದ ಮನೆಯ ಗೆಳತಿ, ಎಲ್ಲದರ ಬಣ್ಣವೂ ಬೇರೆ ಆಗುತ್ತಿತ್ತು. ರಜೆಯ ಪ್ರೀತಿಗೆ ಆ ಬಣ್ಣ ಬೇಕು. ಇಷ್ಟೇ ದಿನ ಇದೆ, ಹೇಳಬೇಕಾದ್ದನ್ನು ಹೇಳಬೇಕು ಅನ್ನುವ ಒತ್ತಡ ಬೇಕು. ಮನೆಯಲ್ಲಿದ್ದಾಗ ಆಡದ ಮಾತು ಪರ ಊರಲ್ಲಿ ಆಡುವುದು ಅದಕ್ಕೇ.

ಈ ಲೇಖಕಿ ಆರಿಸಿಕೊಂಡ ಜಾಗ, ತಿಂಗಳು ಎರಡೂ ಗಡುವುಗಳಿಂದ ತುಂಬಿವೆ. ಜೂನ್ ಮೊದಲ ವಾರಕ್ಕೆ ಮಳೆಗಾಲ ಆ ಕರಾವಳಿಗೆ ಬರುತ್ತದೆ. ಅಷ್ಟರೊಳಗೆ ಹಪ್ಪಳ ಒಣಗಬೇಕು, ಸೌದೆ ಒಳಗೆ ಸೇರಬೇಕು, ಮಾಡಿನ ಹೆಂಚು ಸರಿ ಮಾಡಿಸಬೇಕು. ಅಂಕೋಲಾ ಕಡೆಯ ಇಶಾಡು ಮಾವು ಸಿಗುವುದೇ ಕೆಲವು ವಾರ, ಮಳೆ ಬಿದ್ದರೆ ಹಣ್ಣಿನಲ್ಲಿ ಹುಳ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ ಅಂತ ಈ ರಜೆ. ಟ್ರಾಲ್ ಬೋಟುಗಳೆಲ್ಲ ದಡ ಸೇರಿ, ಬಲೆಗಳು ರಿಪೇರಿಗೆ ಬರುತ್ತವೆ. ನಾಯಕಿಯ ರಜೆಯೂ ಇಪ್ಪತ್ತೇ ದಿನ. ಊರಿಗೆ ಊರೇ ಏನನ್ನೋ ಮುಗಿಸುವ ಆತುರದಲ್ಲಿದೆ. ಇಬ್ಬರು ಹೊಸಬರು ಆಗ ತಾನೇ ಏನನ್ನೋ ಶುರು ಮಾಡುತ್ತಿದ್ದಾರೆ. ಇದಕ್ಕಿಂತ ಜಾಸ್ತಿ ಏನು ಬೇಕು ಒಬ್ಬ ಕಾದಂಬರಿಕಾರ್ತಿಗೆ?

ಇದರಲ್ಲಿ ಒಂದನ್ನೂ ಆಕೆ ಬಳಸಿಲ್ಲ. ಪೆನ್ಸಿಲ್ ಹಿಡಿದು ದಿನ ಲೆಕ್ಕ ಹಾಕಿದೆ. ಇಪ್ಪತ್ತು ದಿನದ ರಜೆಗೆ ಹೋದ ಇಳಾ ಅಲ್ಲಿ 34 ದಿನ ಇರುತ್ತಾಳೆ. ಆಫೀಸಿನಿಂದ ಒಂದು ಫೋನ್ ಇಲ್ಲ, ಒಂದು ಮೇಲ್ ಇಲ್ಲ. ಜೂನ್ ಎರಡನೇ ವಾರದಲ್ಲಿ ಆ ಗೆಳೆಯ ತನ್ನ ಟ್ರಾಲ್ ಬೋಟಿನಲ್ಲಿ ಇವರಿಬ್ಬರನ್ನೂ ಕೂರಿಸಿಕೊಂಡು ಮೀನು ಹಿಡಿಯಲು ಹೋಗುತ್ತಾನೆ. ಆಕಾಶದಲ್ಲಿ ನಕ್ಷತ್ರ, ಸಮುದ್ರ ಶಾಂತ. ಇದನ್ನು ಓದುವಾಗ ನನಗೆ ಸಿಟ್ಟಿಗಿಂತ ದುಃಖ ಆಯಿತು. ಜೂನ್ 1ರ ಹಿಂದಿನ ರಾತ್ರಿ, ಆ ವರ್ಷದ ಕೊನೆಯ ಸಲ ಬೋಟು ಹೊರಡುತ್ತಿದೆ, ಬರ್ತೀರಾ ಅಂತ ಅವನು ಕರೆದಿದ್ದರೆ? ಅದೇ ದೃಶ್ಯ, ಅದೇ ನಕ್ಷತ್ರ. ಎರಡು ವಾರ ಹಿಂದೆ ಇಟ್ಟಿದ್ದರೆ ಸಾಕಿತ್ತು.

ಪ್ರೀತಿಯ ವಿಷಯಕ್ಕೆ ಬರೋಣ. ನಿಶಾಂತನ ಕಣ್ಣು ಸಮುದ್ರದಂತೆ ಆಳ ಅಂತ ಒಂಬತ್ತು ಕಡೆ ಬರುತ್ತದೆ. ಸರಿ, ಇರಲಿ. ಆದರೆ ಆ ಕಣ್ಣು ಏನನ್ನು ನೋಡುತ್ತದೆ? ಇಳಾ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಾಳಾ ಇಲ್ಲವಾ ಅಂತ ಅವನಿಗೆ ಕೊನೆಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವಳ ಕೈ ತಪ್ಪಿದ ಪ್ರಮೋಷನ್ ಬಗ್ಗೆ ಅವನು ಒಂದು ಮಾತು ಕೇಳುವುದಿಲ್ಲ. ಅವನು ಬೆಂಗಳೂರು ಯಾಕೆ ಬಿಟ್ಟ ಅಂತ ಅವಳೂ ಕೇಳುವುದಿಲ್ಲ.

ನಮ್ಮ ಲೈಬ್ರರಿಗೆ ಶನಿವಾರ ಸಂಜೆ ಒಬ್ಬರು ಬರುತ್ತಿದ್ದರು. ಫ್ಯಾಕ್ಟರಿ ಕೆಲಸ, ಎರಡನೇ ಶಿಫ್ಟಿಗೆ ಹೋಗುವ ಮೊದಲು ಹೆಂಡತಿಗೆ ಪುಸ್ತಕ ಒಯ್ಯೋಕೆ. ಅವರಿಗೆ ಕಾದಂಬರಿ ಓದುವ ಅಭ್ಯಾಸವೇ ಇರಲಿಲ್ಲ. ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆಯುವರು. ಅದರಲ್ಲಿ ಹೆಂಡತಿ ಈಗಾಗಲೇ ಓದಿದ ಪುಸ್ತಕಗಳ ನಂಬರು, ಅವರ ಕೈಬರಹದಲ್ಲೇ. ಕೆಲವು ನಂಬರಿನ ಪಕ್ಕ ‘ಅತ್ತಳು’ ಅಂತ ಬರೆದಿರುತ್ತಿತ್ತು. ಆ ಲೇಖಕಿಯ ಪುಸ್ತಕ ಕೊಟ್ಟರೆ “ಬೇಡಮ್ಮ, ಈ ವಾರ ಅವಳಿಗೆ ಮೈ ಸರಿ ಇಲ್ಲ” ಅನ್ನುವರು. ಚೀಟಿ ಬೆವರಿಗೆ ಮೆತ್ತಗಾಗಿ ಮಡಿಕೆಯಲ್ಲಿ ಹರಿದು, ಹಿಂದೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದರು. ಅವರ ಕಣ್ಣು ಹೇಗಿತ್ತು ಅಂತ ನನಗೆ ಈಗ ನೆನಪಿಲ್ಲ. ಆ ಚೀಟಿ ನೆನಪಿದೆ.

ಆಮೇಲೆ ಆ ತಪ್ಪು ತಿಳಿವಳಿಕೆ. 190ನೇ ಪುಟದಲ್ಲಿ ನಿಶಾಂತ್ ಒಬ್ಬ ಹುಡುಗಿಯನ್ನು ಅಪ್ಪಿಕೊಂಡದ್ದನ್ನು ಇಳಾ ನೋಡುತ್ತಾಳೆ. ಅಳುತ್ತಾ ಬೆಂಗಳೂರಿಗೆ ವಾಪಸ್. 230ನೇ ಪುಟದಲ್ಲಿ ಆ ಹುಡುಗಿ ಅವನ ಚಿಕ್ಕಪ್ಪನ ಮಗಳು ಅಂತ ಗೊತ್ತಾಗುತ್ತದೆ. ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ನಲವತ್ತು ಪುಟ. ಮಿಲ್ಸ್ ಅಂಡ್ ಬೂನ್ ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಕಂಪನಿ. ನಮ್ಮ ಶೆಲ್ಫಿನಲ್ಲಿದ್ದ ಅದರ ಪುಸ್ತಕಗಳು ಹೆಚ್ಚು ಕಡಿಮೆ 190 ಪುಟದವು. ಅಷ್ಟರೊಳಗೆ ಎಲ್ಲವೂ ಆಗಬೇಕಿತ್ತು, ಆಗುತ್ತಿತ್ತು.

ನಮ್ಮ ಭಾಷೆಯಲ್ಲಿ ಇದನ್ನು ಹೇಗೆ ಮಾಡುತ್ತಿದ್ದರು ಅಂತ ಒಂದೇ ಉದಾಹರಣೆ ಕೊಡುತ್ತೇನೆ. ತ್ರಿವೇಣಿಯವರ ‘ಬೆಳ್ಳಿಮೋಡ’. ಹುಡುಗಿ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಹುಡುಗ ಅವಳ ತಂದೆಯ ದುಡ್ಡಿನಲ್ಲಿ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇವಳಿಗೆ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಹುಡುಗನ ಮನಸ್ಸು ಬದಲಾಗುತ್ತದೆ. ಆಮೇಲೆ ಅವನು ಕಾಲು ಮುರಿದುಕೊಂಡಾಗ ಅವಳೇ ಆರೈಕೆ ಮಾಡುತ್ತಾಳೆ. ಅವನು ಮದುವೆಗೆ ಒಪ್ಪಿಕೊಂಡು ಬಂದಾಗ ಅವಳು ಬೇಡ ಅನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು ಇದನ್ನೇ. ಮಧ್ಯಾಹ್ನದ ಎರಡು ಗಂಟೆಯಲ್ಲಿ ಸಲೀಸಾಗಿ ಓದಬಹುದಾದ ಪುಸ್ತಕ. ಅಲ್ಲಿ ಪ್ರೀತಿಗೆ ಅಡ್ಡ ಬರುವುದು ಒಂದು ಮಗು ಹುಟ್ಟುವುದು. ಮನೆಯವರಿಗೆಲ್ಲ ಸಂತೋಷದ ಸುದ್ದಿ ಅದು. ಯಾವ ಪ್ರಶ್ನೆ ಕೇಳಿದರೂ ಆ ಅಡ್ಡಿ ಕರಗುವುದಿಲ್ಲ. ನಾನು ಎಲ್ಲರೂ ಮದುವೆ ಮುರಿದುಕೊಳ್ಳಿ ಅನ್ನುತ್ತಿಲ್ಲ. ಇಳಾ, ನಿಶಾಂತ್ ಸೇರಲಿ, ನನಗೂ ಅದೇ ಬೇಕು. ಆದರೆ ಅವರ ನಡುವೆ ನಿಜವಾದ ಅಡ್ಡಿಗಳು ಇದ್ದೇ ಇದ್ದವು. ಅವಳ ಮನೆ ಸಾಲದ ಕಂತು ಇದೆ ಅಂತ ಎರಡನೇ ಅಧ್ಯಾಯದಲ್ಲೇ ಬರುತ್ತೆ, ಅಲ್ವಾ? ಕೊನೆಯಲ್ಲಿ ಅವಳು ಒಂದು ಮೇಲ್ ಕಳಿಸಿ ಕೆಲಸ ಬಿಡುತ್ತಾಳೆ. ಕಂತು ಎಲ್ಲಿ ಹೋಯಿತು? ಆ ತಮ್ಮನ ಜ್ವರದ ಹಾಗೆ ಅದೂ ಮಾಯ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, “ಆಂಟಿ, ಸುಮ್ನೆ ಟೈಂ ಪಾಸಿಗೆ ಓದೋ ಪುಸ್ತಕ ಅಲ್ವಾ? ಅದಕ್ಕೆ ಇಷ್ಟೆಲ್ಲ ಕೇಳಬೇಕಾ?” ಕೇಳಿದ್ದು ಒಳ್ಳೆಯದಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನೋಡಮ್ಮ, ಟೈಂ ಪಾಸ್ ಅಂತೀಯಲ್ಲ, ಅದು ಯಾರ ಟೈಂ? ಅತ್ತೆಯ ಹಾಸಿಗೆ ಪಕ್ಕ ಕೂತವರ ಎರಡು ಗಂಟೆ. ಮೆಟ್ರೋದಲ್ಲಿ ನಿಂತುಕೊಂಡೇ ಕೆಲಸದಿಂದ ಮನೆಗೆ ಬರುವ ನಿನ್ನದೇ ಮುಕ್ಕಾಲು ಗಂಟೆ. ದಿನದಲ್ಲಿ ನಿನ್ನದು ಅಂತ ಇರೋದು ಅಷ್ಟೇ ಇರಬಹುದು. ಅದನ್ನು ಒಬ್ಬರ ಕೈಗೆ ಕೊಡುತ್ತೀಯ. ಅವರು ಅದನ್ನು ಜೋಪಾನ ಮಾಡಬೇಕು ಅಂತ ಕೇಳೋದು ಜಾಸ್ತಿ ಅಂತ ನನಗೆ ಅನ್ನಿಸಲ್ಲ.

ಇನ್ನೊಂದು ಮಾತು ಹೇಳದೆ ಹೋದರೆ ಆ ಲೇಖಕಿಗೆ ಅನ್ಯಾಯ. ಈ ಪುಸ್ತಕದಲ್ಲಿ ನಾಲ್ಕು ಪುಟ ಇವೆ, 112ರಿಂದ 115. ಸಭೆಯಲ್ಲಿ ಅವನ್ನು ಗಟ್ಟಿಯಾಗಿ ಓದಿದೆ. ನಿಶಾಂತನ ಅಜ್ಜಿ ಅಟ್ಟದ ಮೇಲೆ ಮಾವಿನಕಾಯಿ ಅಡೆ ಹಾಕಿದ್ದಾಳೆ. ಏಣಿ ಹತ್ತೋಕೆ ಮಂಡಿ ನೋವು, ಇಳಾಳನ್ನು ಕರೆಯುತ್ತಾಳೆ. ಇಳಾ ಮೇಲೆ ಹತ್ತಿ ಒಣಹುಲ್ಲು ಸರಿಸುತ್ತಾಳೆ. ಕತ್ತಲು, ಹುಲ್ಲಿನ ಬಿಸಿ, ಹಣ್ಣಿನ ವಾಸನೆ. ಕೆಳಗಿನಿಂದ ಅಜ್ಜಿ ಹೇಳಿಕೊಡುತ್ತಾಳೆ, ಒತ್ತಿ ನೋಡಬೇಡ, ತೊಟ್ಟಿನ ಹತ್ತಿರ ಮೂಸಿ ನೋಡು. ಇಳಾ ಒಂದೊಂದೇ ಮೂಸಿ ನೋಡಿ ಕೂಗಿ ಹೇಳುತ್ತಾಳೆ, ಇದು ಇವತ್ತಿಗೆ, ಇದು ನಾಳೆಗೆ, ಇದು ನಾಡಿದ್ದಿಗೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳುತ್ತಾಳೆ, “ನಾಡಿದ್ದು ನೀನು ಇರ್ತೀಯಾ?”

ಇಳಾ ಉತ್ತರ ಕೊಡುವುದಿಲ್ಲ. ಕೈಯಲ್ಲಿ ಆ ಹಣ್ಣು ಹಿಡಿದುಕೊಂಡು ಅಟ್ಟದ ಮೇಲೇ ಕೂತುಬಿಡುತ್ತಾಳೆ.

116ನೇ ಪುಟದಲ್ಲಿ ಹೊಸ ಅಧ್ಯಾಯ. ಬೀಚಿನಲ್ಲಿ ಪಾರ್ಟಿ, ಬಣ್ಣದ ದೀಪ, ಇಳಾ ಕೆಂಪು ಡ್ರೆಸ್ ಹಾಕಿಕೊಂಡಿದ್ದಾಳೆ. ಅಜ್ಜಿ ಕೇಳಿದ್ದನ್ನು ಪುಸ್ತಕ ಮತ್ತೆ ನೆನಪಿಸಿಕೊಳ್ಳುವುದಿಲ್ಲ. ನಾನು 115ನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಚಿಕ್ಕ ನಕ್ಷತ್ರ ಬರೆದಿದ್ದೇನೆ. ಆಕೆಯ ಮೂರನೇ ಕಾದಂಬರಿ ಬಂದ ದಿನವೇ ಕೊಳ್ಳುತ್ತೇನೆ.